ಕಡಲಿಲ್ಲದ ಸೀಮೆಗೆ ಕಡಲಿನ ಲೆಕ್ಕ

ಪಾವಗಡದಿಂದ ಮಂಗಳೂರಿನ ದಕ್ಕೆಗೆ ಹೆಚ್ಚುಕಮ್ಮಿ 400 ಕಿಲೋಮೀಟರ್ ದಾರಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಜನಕ್ಕೆ ನೀರಿನ ಚಿಂತೆ ಎಂದರೆ ನೀರಿಲ್ಲದ ಚಿಂತೆ. ಸಮುದ್ರದಲ್ಲಿ ನಿಂತ ಉಕ್ಕಿನ ಜೆಟ್ಟಿಯನ್ನು ತುಕ್ಕಿನಿಂದ ಕಾಯುವುದು ಹೇಗೆ ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತಿದರೆ, ಇವನಿಗೆ ಬೇರೆ ಕೆಲಸವಿಲ್ಲವೇ ಎಂದು ಯಾರಾದರೂ ನಕ್ಕಾರು. ನಗಲಿ. ತುಕ್ಕಿನ ವಿಚಾರದಲ್ಲಿ ಬಂದರಿನ ಎಂಜಿನಿಯರುಗಳು ಒಂದು ಶಿಸ್ತು ಕಲಿತಿದ್ದಾರೆ. ಕಲಿಯದೆ ಅವರಿಗೆ ಗತಿ ಇರಲಿಲ್ಲ. ಉಕ್ಕು ನೀರಿಗಿಳಿಯುವ ಮೊದಲೇ ಅದು ಎಲ್ಲಿ, ವರ್ಷಕ್ಕೆ ಎಷ್ಟು ಸವೆಯುತ್ತದೆ, ಆ ಸವಕಳಿಗೆ ಹಣ ಎಲ್ಲಿಂದ ಬರಬೇಕು ಎಂದು ಬರೆದಿಡುವ ಶಿಸ್ತು ಅದು. ಒಳನಾಡಿನಲ್ಲಿ ತುಕ್ಕು ನಿಧಾನವಾಗಿ ಬರುವುದರಿಂದ ನಾವು ಆ ಶಿಸ್ತಿಲ್ಲದೆಯೂ ಇಷ್ಟು ದಿನ ತಳ್ಳಿಕೊಂಡು ಬಂದೆವು. ಇನ್ನು ಮುಂದೆ ಅದು ನಡೆಯುವುದಿಲ್ಲ, ಏಕೆಂದರೆ ಈ ನಾಲ್ಕು ತಾಲ್ಲೂಕುಗಳ ನೆಲದಲ್ಲಿ ಹಿಂದೆಂದೂ ಇಲ್ಲದಷ್ಟು ಉಕ್ಕು ಈಗ ಊರಿಕೊಂಡಿದೆ.

ಮೊದಲು ಜೆಟ್ಟಿಯ ಒಂದು ಕಂಬವನ್ನು ಹತ್ತಿರದಿಂದ ನೋಡೋಣ. ಇಳಿತದ ಹೊತ್ತಿನಲ್ಲಿ ನೋಡಿದರೆ ಅದರ ಮೈಮೇಲೆ ಪಟ್ಟೆಗಳು ಎದ್ದು ಕಾಣುತ್ತವೆ. ಎಲ್ಲಕ್ಕಿಂತ ಮೇಲೆ ಗಾಳಿಗೆ ಒಡ್ಡಿದ ಭಾಗ. ಅದರ ಕೆಳಗೆ ಅಲೆ ಬಡಿದು ಉಪ್ಪುನೀರು ಚಿಮ್ಮುವ ಜಾಗ. ಇಲ್ಲಿ ತುಕ್ಕು ಹಪ್ಪಳದಂತೆ ಪದರಪದರವಾಗಿ ಏಳುತ್ತದೆ. ಇನ್ನೂ ಕೆಳಗೆ ಭರತ-ಇಳಿತಗಳ ನಡುವಿನ ಪಟ್ಟಿ, ಪಾಚಿ ಮತ್ತು ಚಿಪ್ಪು ಮೆತ್ತಿಕೊಂಡಿರುತ್ತದೆ. ಆಮೇಲೆ ಸದಾ ಮುಳುಗಿರುವ ಭಾಗ, ಕೊನೆಗೆ ಕೆಸರು. ಮುಳುಗಿದ ಭಾಗವೇ ಮೊದಲು ಹಾಳಾಗುತ್ತದೆ ಎಂದು ನಾವು ನೀವು ಊಹಿಸುತ್ತೇವೆ. ಆದರೆ ರಕ್ಷಣೆಯಿಲ್ಲದ ಉಕ್ಕು ಸದಾ ನೀರಿನಲ್ಲಿರುವ ಕಡೆ ವರ್ಷಕ್ಕೆ ಸುಮಾರು 0.1 ಮಿಲಿಮೀಟರ್ ಸವೆದರೆ, ನೀರು ಚಿಮ್ಮುವ ಕಡೆ ಅದರ ಮೂರು ಪಟ್ಟು ಸವೆಯುತ್ತದೆ. ಉಪ್ಪು, ತೇವ, ಆಮ್ಲಜನಕ ಮೂರೂ ಅಲ್ಲಿ ಧಾರಾಳ. ಒಣಗುವುದು ನೆನೆಯುವುದು ದಿನವಿಡೀ ನಡೆದೇ ಇರುತ್ತದೆ. 12 ಮಿಲಿಮೀಟರ್ ದಪ್ಪದ ಕೊಳವೆಕಂಬ ಹತ್ತು ವರ್ಷದಲ್ಲಿ ಆ ಜಾಗದಲ್ಲಿ ಕಾಲು ಭಾಗ ಕಳೆದುಕೊಂಡಿರುತ್ತದೆ.

ಇನ್ನೂ ಒಂದು ಕುತ್ತು ಇದೆ, ಅದು ಕಣ್ಣಿಗೆ ಬೀಳುವುದಿಲ್ಲ. ಇಳಿತದ ಮಟ್ಟಕ್ಕಿಂತ ಸ್ವಲ್ಪ ಕೆಳಗೆ, ಆಮ್ಲಜನಕ ಹೆಚ್ಚಿಗೆ ಸಿಗುವ ಮೇಲಿನ ಪಟ್ಟಿ ತಾನು ಉಳಿದುಕೊಂಡು ಕೆಳಗಿನ ಪಟ್ಟಿಯನ್ನು ತಿನ್ನಿಸುತ್ತದೆ. ಒಂದೇ ಕಂಬದ ಎರಡು ತುಂಡುಗಳ ನಡುವೆ ಬ್ಯಾಟರಿಯ ಎರಡು ತುದಿಗಳ ಸಂಬಂಧ ಏರ್ಪಡುತ್ತದೆ. ಅದರ ಜೊತೆಗೆ ಸಲ್ಫೇಟನ್ನು ಬಳಸಿ ಬದುಕುವ ಬ್ಯಾಕ್ಟೀರಿಯಾ ಸೇರಿಕೊಂಡರೆ ಸವಕಳಿ ವರ್ಷಕ್ಕೆ ಅರ್ಧ ಮಿಲಿಮೀಟರಿಗೂ ಮೀರಬಹುದು. ಹೊರಗೆ ಕಿತ್ತಳೆ ಬಣ್ಣದ ಮೆತ್ತನೆಯ ಲೇಪ, ಅದನ್ನು ಕೆರೆದರೆ ಕಪ್ಪು ಕೆಸರು, ಅದರ ಕೆಳಗೆ ಗುಳಿಬಿದ್ದ ಹೊಳೆಯುವ ಉಕ್ಕು. ದೋಣಿಯಲ್ಲಿ ಹೋಗಿ ಕೈಯಾಡಿಸಿ ನೋಡದ ಹೊರತು ಇದು ಗೊತ್ತಾಗುವುದಿಲ್ಲ.

ಇದಕ್ಕೆ ಮದ್ದು ಗೊತ್ತಾಗಿ 200 ವರ್ಷ ಕಳೆದಿದೆ. 1824ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ, ನೌಕಾಪಡೆಯ ಹಡಗುಗಳ ತಳಕ್ಕೆ ಹೊದಿಸುತ್ತಿದ್ದ ತಾಮ್ರದ ತಗಡು ಸಮುದ್ರದಲ್ಲಿ ಕರಗಿಹೋಗುವುದನ್ನು ತಡೆಯಲು ಸತು ಅಥವಾ ಕಬ್ಬಿಣದ ತುಂಡುಗಳನ್ನು ಅದಕ್ಕೆ ತಾಗಿಸಿ ಕೂರಿಸಿದ. ಸತು ಕರಗಿತು, ತಾಮ್ರ ಉಳಿಯಿತು. ವಿಜ್ಞಾನ ಗೆದ್ದಿತು, ಹಡಗು ಸೋತಿತು. ತಾಮ್ರ ಕರಗುತ್ತಿದ್ದಾಗ ಅದರ ವಿಷಕ್ಕೆ ಹೆದರಿ ಚಿಪ್ಪು ಹುಳುಗಳು ದೂರ ಇರುತ್ತಿದ್ದವು. ಕರಗುವುದು ನಿಂತ ಮೇಲೆ ಅವು ಬಂದು ಮೆತ್ತಿಕೊಂಡವು, ಹಡಗಿನ ವೇಗ ಕುಂದಿತು, ನೌಕಾಪಡೆ ಆ ಏರ್ಪಾಡನ್ನು ಕೈಬಿಟ್ಟಿತು. ಒಂದು ಲೋಹವನ್ನು ಉಳಿಸುವುದಕ್ಕೂ ಒಂದು ಕೆಲಸವನ್ನು ಉಳಿಸುವುದಕ್ಕೂ ಇರುವ ವ್ಯತ್ಯಾಸ ಅಂದೇ ಬಯಲಾಯಿತು. ಆದರೂ ಡೇವಿಯ ಉಪಾಯ ಸಾಯಲಿಲ್ಲ. 1928ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸಿನಲ್ಲಿ ರಾಬರ್ಟ್ ಕೂನ್ ಅದನ್ನು ನೆಲದಡಿಯ ಅನಿಲ ಕೊಳವೆಗಳಿಗೆ ಅನ್ವಯಿಸಿದ. ಇವತ್ತು ಮಲ್ಪೆಯ ಸ್ಟೀಲ್ ಬೋಟಿನ ತಳಕ್ಕೆ ಬೋಲ್ಟು ಹಾಕುವ ಸತುವಿನ ಗಟ್ಟಿಗಳೂ ಅದೇ ವಂಶದವು.

ಲೆಕ್ಕ ಎಷ್ಟು ಸರಳ ಎಂದು ತೋರಿಸಬೇಕು, ಏಕೆಂದರೆ ನನ್ನ ವಾದವೆಲ್ಲ ನಿಂತಿರುವುದು ಈ ಸರಳತೆಯ ಮೇಲೆ. 600 ಮಿಲಿಮೀಟರ್ ವ್ಯಾಸದ, 10 ಮೀಟರ್ ನೀರಿನಲ್ಲಿ ನಿಂತ ಒಂದು ಕಂಬದ ಮೈ ಸುಮಾರು 19 ಚದರ ಮೀಟರ್. ನಮ್ಮಂಥ ಬಿಸಿ ಕಡಲಿನಲ್ಲಿ ಬರಿಮೈ ಉಕ್ಕನ್ನು ಕಾಯಲು ಚದರ ಮೀಟರಿಗೆ ಸರಾಸರಿ 70 ಮಿಲಿಆಂಪಿಯರ್ ವಿದ್ಯುತ್ ಬೇಕೆಂದು ವಿನ್ಯಾಸಕಾರರು ಹಿಡಿಯುತ್ತಾರೆ. ಒಟ್ಟು 1.3 ಆಂಪಿಯರ್. ಸತು, ಇಂಡಿಯಂ ಬೆರೆಸಿದ ಅಲ್ಯೂಮಿನಿಯಂ ಗಟ್ಟಿಗಳು ಇಷ್ಟು ವಿದ್ಯುತ್ತನ್ನು 20 ವರ್ಷ ಕೊಡಬೇಕಾದರೆ, ಕೊನೆಗೆ ಬಳಕೆಗೆ ಬಾರದೆ ಉಳಿಯುವ ಚೂರುಪಾರು ಸೇರಿಸಿ, 115 ಕಿಲೋ ಆಸುಪಾಸು ತೂಗಬೇಕು. ಕೆಸರಿನೊಳಗಿನ ಭಾಗಕ್ಕೆ ಇನ್ನಷ್ಟು. ಒಳ್ಳೆಯ ಲೇಪನವಿದ್ದರೆ ಇದರ ಒಂದು ಸಣ್ಣ ಪಾಲು ಸಾಕು. ಹಾಗೇ ಬಿಟ್ಟರೆ ಪ್ರತಿ ಒಂದು ಆಂಪಿಯರಿಗೆ ವರ್ಷಕ್ಕೆ 9 ಕಿಲೋ ಕಬ್ಬಿಣ ಕರಗುತ್ತದೆ. ಯಾವುದನ್ನು ಕರಗಲು ಬಿಡಬೇಕು, ಎಷ್ಟು ವರ್ಷಕ್ಕೊಮ್ಮೆ ಬದಲಿಸಬೇಕು ಎಂಬುದು ಪಿಯುಸಿ ಓದಿದ ಹುಡುಗಿ ಕಾಗದದ ಮೇಲೆ ಮಾಡಬಹುದಾದ ಲೆಕ್ಕ. ಇದರಲ್ಲಿ ಗುಟ್ಟೇನೂ ಇಲ್ಲ.

ಗಟ್ಟಿಗಳ ಬದಲು ಹೊರಗಿನಿಂದ ಡಿಸಿ ವಿದ್ಯುತ್ ಹರಿಸುವ ಏರ್ಪಾಡೂ ಉಂಟು. ಕಾಗದದ ಮೇಲೆ ಅದು ಅಗ್ಗ. ಆದರೆ ಅದಕ್ಕೊಂದು ಪೆಟ್ಟಿಗೆ ಬೇಕು, ಪೆಟ್ಟಿಗೆಗೆ ಕರೆಂಟು ಬೇಕು, ಕರೆಂಟಿಗೆ ಬಿಲ್ಲು ಕಟ್ಟುವವರು ಬೇಕು. ನಮ್ಮ ಸರ್ಕಾರಿ ಕಟ್ಟಡಗಳಲ್ಲಿ ಆಫ್ ಆದ ಸ್ವಿಚ್ಚು ಎಷ್ಟು ವರ್ಷ ಆಫ್ ಆಗಿಯೇ ಇರಬಲ್ಲದು ಎಂದು ಬಲ್ಲವರು ಕರಗುವ ಗಟ್ಟಿಯನ್ನೇ ಆರಿಸುವುದು ಒಳ್ಳೆಯದು.

ಇಷ್ಟಾದರೂ ಈ ಮದ್ದು ನೀರಿನೊಳಗೆ ಮಾತ್ರ ನಡೆಯುತ್ತದೆ. ವಿದ್ಯುತ್ತಿಗೆ ಬಿಟ್ಟುಹೋಗದ ನೀರಿನ ದಾರಿ ಬೇಕು. ಎಲ್ಲಿ ಸವಕಳಿ ಹೆಚ್ಚೋ ಆ ಚಿಮ್ಮುನೀರಿನ ಪಟ್ಟಿಗೆ ಗಟ್ಟಿಯ ರಕ್ಷಣೆ ತಲುಪುವುದಿಲ್ಲ. ಅಲ್ಲಿ ದಪ್ಪ ಎಪಾಕ್ಸಿ ಲೇಪನ, ಜಿಡ್ಡಿನ ಪಟ್ಟಿ ಸುತ್ತಿ ಮೇಲೆ ಹಾಕುವ ಗಟ್ಟಿ ಕವಚ, ಇಲ್ಲವೇ ಸವೆಯಲೆಂದೇ ಹೆಚ್ಚಿಗೆ ಕೊಟ್ಟ ಕೆಲವು ಮಿಲಿಮೀಟರ್ ಉಕ್ಕು. ಇವುಗಳಲ್ಲಿ ಯಾವುದೂ ಒಮ್ಮೆ ಮಾಡಿ ಮರೆಯುವಂಥದ್ದಲ್ಲ. 1914ರಲ್ಲಿ ತೆರೆದ ಪಾಂಬನ್ ರೈಲು ಸೇತುವೆ ನೂರು ವರ್ಷಕ್ಕೂ ಮಿಕ್ಕಿ ಉಪ್ಪುಗಾಳಿಯಲ್ಲಿ ಬದುಕಿದ್ದು ಅದರ ಉಕ್ಕು ವಿಶೇಷವಾದದ್ದು ಎಂಬ ಕಾರಣಕ್ಕಲ್ಲ. ಕೆರೆಯುವ, ಬಣ್ಣ ಬಳಿಯುವ, ತುಂಡು ಬದಲಿಸುವ ಕೆಲಸ ಎಡೆಬಿಡದೆ ನಡೆದದ್ದರಿಂದ. ಕೊನೆಗೂ ತುಕ್ಕು ಮೇಲುಗೈ ಸಾಧಿಸಿ 2022ರ ಡಿಸೆಂಬರಿನಲ್ಲಿ ಅದರ ಮೇಲೆ ರೈಲು ನಿಂತಿತು. 2025ರ ಏಪ್ರಿಲ್ 6ರಂದು ತೆರೆದ ಹೊಸ ಸೇತುವೆಗೆ ಪಾಲಿಸಿಲಾಕ್ಸೇನ್ ಬಣ್ಣ, ಸ್ಟೇನ್‌ಲೆಸ್ ಸರಳು ಎಲ್ಲ ಇವೆ. ಹಾಗೆಂದು ಕೆರೆಯುವ ಕೈಗಳಿಗೆ ಅಲ್ಲಿ ಬಿಡುವು ಸಿಕ್ಕಿತೆಂದು ತಿಳಿಯಬಾರದು. ಗೋವಾದ ಮಾಂಡವಿ ಸೇತುವೆಯ ಕಥೆ ಇದಕ್ಕೆ ತದ್ವಿರುದ್ಧ. ಕಟ್ಟಿ ಎರಡು ದಶಕ ತುಂಬುವ ಮೊದಲೇ, 1986ರ ಜುಲೈ 5ರಂದು ಕುಸಿಯಿತು. ಕಾಂಕ್ರೀಟಿನೊಳಗೆ ಬಿಗಿದಿದ್ದ ಉಕ್ಕಿನ ತಂತಿಗಳು ಯಾರಿಗೂ ಕಾಣದೆ ತುಕ್ಕು ಹಿಡಿದಿದ್ದವು. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಬಿದ್ದಾಗ ಲಾರಿಯೊಂದು ನೀರಿಗುರುಳಿತು. ಅದರ ಕಾರಣಗಳ ಚರ್ಚೆ ಬೇರೆ. ಅಳಿವೆಯ ಉಪ್ಪುನೀರಿನ ಮೇಲೆ 40 ವರ್ಷ ನಿಂತ ಸೇತುವೆಯ ಒಳಮೈ ಹೇಗಿದೆ ಎಂದು ಅಳೆದ ಕಾಗದ ಅಂದು ಬೆಳಿಗ್ಗೆ ಯಾರ ಕೈಯಲ್ಲಿತ್ತು ಎಂಬುದು ನನ್ನ ಪ್ರಶ್ನೆ.

ಈಗ ಘಟ್ಟ ಹತ್ತಿ ನಮ್ಮ ಕಡೆಗೆ ಬರೋಣ. ಉಕ್ಕು ಈ ಸೀಮೆಗೆ ಹೊಸದೇನಲ್ಲ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಚನ್ನರಾಯನದುರ್ಗ, ಮಧುಗಿರಿಯ ಕಡೆ ಮಳೆಗಾಲದ ಹಳ್ಳಗಳು ತರುವ ಕಪ್ಪು ಮರಳಿನಿಂದ ಕಬ್ಬಿಣ ತೆಗೆಯುವುದನ್ನೂ, ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಜೊತೆ ತಂಗಡಿ ಕಡ್ಡಿ, ಹಸಿರೆಲೆ ಇಟ್ಟು ಉಕ್ಕು ಮಾಡುವುದನ್ನೂ ಬರೆದಿಟ್ಟಿದ್ದಾನೆ. ಮೂಸೆಯಿಂದ ಬಂದ ಮುಷ್ಟಿಯಷ್ಟು ಉಕ್ಕಿಗೆ ಎಷ್ಟು ಇದ್ದಿಲು, ಎಷ್ಟು ಬೆವರು ಸುರಿದಿದೆ ಎಂದು ಬಲ್ಲವರು ಅದನ್ನು ಮಳೆಗೆ ಬಿಸಾಡಿರಲಾರರು. ಈಗ ಉಕ್ಕು ಟನ್ನುಗಟ್ಟಲೆ ಲಾರಿಯಲ್ಲಿ ಬರುತ್ತದೆ. ಅದರೊಡನೆ ನಮ್ಮ ಸಲುಗೆಯೂ ಬೆಳೆದಿದೆ.

ಸಮುದ್ರದ ನೀರಿನಲ್ಲಿ ಲೀಟರಿಗೆ 35 ಗ್ರಾಂ ಉಪ್ಪು. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಅಪೇಕ್ಷಿತ ಮಿತಿ ಅರ್ಧ ಗ್ರಾಂ, ಬೇರೆ ಮೂಲವೇ ಇಲ್ಲದಾಗ 2 ಗ್ರಾಂ. ಪಾವಗಡದ ಆಳದ ಬೋರುಗಳಲ್ಲಿ ಬರುವ ಗಡಸು ನೀರೂ ಕಡಲಿನ ಮುಂದೆ ಸಿಹಿನೀರೇ. ಹಾಗಾಗಿ ಜೆಟ್ಟಿಯ ಮದ್ದನ್ನು ತಂದು ಬೋರಿಗೆ ಹಾಕಿ ಎಂದು ನಾನು ಹೇಳುತ್ತಿಲ್ಲ. ಇಂಥ ನೀರಿನಲ್ಲಿ ಸತುವಿನ ಗಟ್ಟಿಯ ಪ್ರಭಾವ ಹೆಚ್ಚು ದೂರ ಹರಿಯುವುದಿಲ್ಲ, ಖರ್ಚು ಗಿಟ್ಟುವುದೂ ಇಲ್ಲ. ಗಡಸು ನೀರು ಎಷ್ಟೋ ಸಲ ಕೊಳವೆಯ ಒಳಗೆ ಸುಣ್ಣದ ಪದರ ಕಟ್ಟಿ ಕಬ್ಬಿಣವನ್ನು ಕಾಯುವುದೂ ಉಂಟು. ಇಲ್ಲಿಗೆ ಬರಬೇಕಾದದ್ದು ನೋಡುವ ಕ್ರಮ.

ಬೋರಿನಿಂದ ಎತ್ತಿದ ಹಳೆಯ ಜಿಐ ಪೈಪುಗಳನ್ನು ಸಾಲಾಗಿ ಮಲಗಿಸಿ ನೋಡಿ. ಸದಾ ಮುಳುಗಿದ್ದ ಉದ್ದಗಳಿಗಿಂತ, ಮೋಟಾರು ಓಡಿದಾಗ ನೀರು ಇಳಿದು ನಿಂತಾಗ ಏರುವ ಪಟ್ಟಿಯಲ್ಲಿದ್ದ ಉದ್ದಗಳು ಹೆಚ್ಚು ಗಂಟುಕಟ್ಟಿರುತ್ತವೆ. ಅದು ಈ ಕೊಳವೆಬಾವಿಯ ಭರತ-ಇಳಿತ. ಪೈಪು ಮುರಿಯುವುದು ನಡುವೆಯಲ್ಲ, ತುದಿಯ ತಿರುಪಿನ ಮರೆಯಲ್ಲಿ, ಅಂದರೆ ಥ್ರೆಡ್ಡಿನಲ್ಲಿ. ಮರೆ ಕೊರೆಯುವಾಗ ಸತುವಿನ ಲೇಪನ ಅಲ್ಲಿ ಕಿತ್ತುಹೋಗಿರುತ್ತದೆ, ಲೋಹದ ದಪ್ಪವೂ ಅಲ್ಲೇ ಕಡಿಮೆ. ಮೇಲುತೊಟ್ಟಿಯ ಕಬ್ಬಿಣದ ಏಣಿ ಮೊದಲು ಸಾಯುವುದು ನೀರಿನೊಳಗಲ್ಲ, ನೀರಿಗೂ ಮುಚ್ಚಳಕ್ಕೂ ನಡುವಿನ ಬೆವರುವ ಜಾಗದಲ್ಲಿ. ಶುದ್ಧ ಕುಡಿಯುವ ನೀರಿನ ಘಟಕಗಳು ಹೊರಗೆ ಬಿಡುವ ನೀರಿನಲ್ಲಿ ಬೋರಿನ ಉಪ್ಪೆಲ್ಲ ಗಟ್ಟಿಯಾಗಿ ಸೇರಿರುತ್ತದೆ. ಆ ನೀರು ತೊಟ್ಟಿಯ ಸ್ಟ್ಯಾಂಡಿನ ಕಾಲಬುಡದಲ್ಲೇ ಹರಿದರೆ ಅಲ್ಲೊಂದು ಪುಟ್ಟ ಕಡಲತೀರ ಸಿದ್ಧವಾಯಿತು. ನೆಲದಲ್ಲಿ ಊರಿದ ಕಂಬ ಕೊಳೆಯುವುದು ನೆಲದ ಗೆರೆಯಲ್ಲಿ. ಎಲ್ಲ ಕಡೆಯೂ ಒಂದೇ ನಿಯಮ: ಎರಡು ಲೋಕಗಳು ಸೇರುವ ಗಡಿಯಲ್ಲಿ ಕಣ್ಣಿಡು. ನೀರುಗಂಟಿಗೆ ಇದು ಅನುಭವದಿಂದ ಗೊತ್ತು. ಅವನ ಅನುಭವಕ್ಕೆ ಎಸ್ಟಿಮೇಟಿನಲ್ಲಿ ಒಂದು ಸಾಲೂ ಇಲ್ಲ.

ಇದಕ್ಕೆಲ್ಲ ಪ್ಲಾಸ್ಟಿಕ್ಕೇ ಉತ್ತರ ಎನ್ನುವವರಿದ್ದಾರೆ. ಬೋರಿನ ಮಟ್ಟಿಗೆ ಅವರ ಮಾತು ಬಹುಪಾಲು ಸರಿ. ಪಿವಿಸಿ ಕೇಸಿಂಗ್, ಯುಪಿವಿಸಿ ಪೈಪು ಬಂದ ಮೇಲೆ ತುಕ್ಕಿನ ಗೋಳು ಎಷ್ಟೋ ತಗ್ಗಿದೆ. ಆದರೆ ಪಾವಗಡದ ಸೋಲಾರ್ ಪಾರ್ಕಿನ ಫಲಕಗಳನ್ನು ಹೊತ್ತ ಕಂಬಗಳು ಪ್ಲಾಸ್ಟಿಕ್ಕಿನವಲ್ಲ. ಎತ್ತಿನಹೊಳೆಯ ನೀರನ್ನು ಘಟ್ಟದ ಮೇಲಕ್ಕೆ ತಳ್ಳುವ ಕೊಳವೆಗಳೂ ಪ್ಲಾಸ್ಟಿಕ್ಕಿನವಲ್ಲ. 24.01 ಟಿಎಂಸಿಯ ಆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದಲ್ಲಿ ಚಾಲನೆ ಸಿಕ್ಕಿತು. ಮಧುಗಿರಿ, ಕೊರಟಗೆರೆಗಳು ಅದರ ನೀರಿಗಾಗಿ ಕಾದಿವೆ. ಕೊರಟಗೆರೆ ತಾಲ್ಲೂಕಿನ ಬೈರಗೊಂಡ್ಲು ಜಲಾಶಯದ ಸುತ್ತ ನಡೆದ ವಾದವಿವಾದ ಎಲ್ಲರಿಗೂ ಗೊತ್ತು. ಎಷ್ಟು ಟಿಎಂಸಿ ಬರುತ್ತದೆ, ಯಾರ ಭೂಮಿ ಮುಳುಗುತ್ತದೆ ಎಂದು ನಾವು ಜಗಳವಾಡಿದ್ದೇವೆ, ಆಡಬೇಕಾದದ್ದೇ. ಮಲೆನಾಡಿನ ಸದಾ ತೇವದ ಮಣ್ಣಿನಲ್ಲಿ ಹೂತ ಉಕ್ಕು 30 ವರ್ಷದ ಮೇಲೆ ಹೇಗಿರುತ್ತದೆ ಎಂದು ಯಾವ ಸಭೆಯಲ್ಲೂ ಯಾರೂ ಕೇಳಿದ್ದು ನಾನು ಕೇಳಿಲ್ಲ. ತುಂಗಭದ್ರಾ ಹಿನ್ನೀರಿನಿಂದ ಪಾವಗಡಕ್ಕೆ ಕುಡಿಯುವ ನೀರು ತರುವ ಯೋಜನೆಗೂ ಇದೇ ಮಾತು. ಹೂತ ಕೊಳವೆ ಲೋಹದ್ದಾಗಿದ್ದರೆ, ಕೆಂಪು ಗರಸಿನಿಂದ ಎರೆಮಣ್ಣಿಗೆ ದಾಟುವ ಕಡೆ ಜೆಟ್ಟಿಯ ಕಂಬದ ಆಟವೇ ನಡೆಯುತ್ತದೆ: ಗಾಳಿಯಾಡುವ ಗರಸಿನಲ್ಲಿದ್ದ ತುಂಡು ಉಳಿಯುತ್ತದೆ, ಉಸಿರುಕಟ್ಟಿದ ಎರೆಯಲ್ಲಿದ್ದ ತುಂಡು ತಿನ್ನಿಸಿಕೊಳ್ಳುತ್ತದೆ.

ಸೋಲಾರ್ ಪಾರ್ಕಿನ ವಿಚಾರ ಇನ್ನೂ ಸೂಕ್ಷ್ಮ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ರೈತರು ಸುಮಾರು 13,000 ಎಕರೆಯನ್ನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಆರಂಭದ ದರ ಎಕರೆಗೆ ವರ್ಷಕ್ಕೆ 21,000 ರೂಪಾಯಿ. 2018ರ ಮಾರ್ಚಿನಲ್ಲಿ ಉದ್ಘಾಟನೆಯಾಗಿ, 2019ರ ಕೊನೆಗೆ 2,050 ಮೆಗಾವ್ಯಾಟ್ ಪೂರ್ಣಗೊಂಡಿತು. ಮಾರದೆ ಗುತ್ತಿಗೆ ಕೊಟ್ಟದ್ದು ಜಾಣತನ ಎಂದು ದೇಶವೆಲ್ಲ ಹೊಗಳಿತು, ನಾನೂ ಒಪ್ಪುತ್ತೇನೆ. ಆದರೆ ಗುತ್ತಿಗೆ ಮುಗಿದ ದಿನ ಭೂಮಿ ರೈತನಿಗೆ ಮರಳಬೇಕು, ಅದರೊಳಗೆ ಸಾಲುಸಾಲಾಗಿ ನಿಂತ ಉಕ್ಕಿನ ಕಾಲುಗಳೂ ಇರುತ್ತವೆ. 5 ಮಿಲಿಮೀಟರಿಗಿಂತ ದಪ್ಪದ ಉಕ್ಕಿಗೆ ಬಿಸಿಸತುವಿನಲ್ಲಿ ಅದ್ದಿ ಕೊಡುವ ಲೇಪನದ ಮಾನಕ ಚದರ ಮೀಟರಿಗೆ 610 ಗ್ರಾಂ, ದಪ್ಪ ಸುಮಾರು 86 ಮೈಕ್ರಾನ್. ತೆಳು ಉಕ್ಕಿಗೆ ಇನ್ನೂ ಕಡಿಮೆ. ಪಾವಗಡದ ಒಣಗಾಳಿಯಲ್ಲಿ ಇದು ದಶಕಗಟ್ಟಲೆ ಬಾಳುತ್ತದೆ. ಮಣ್ಣಿನೊಳಗೆ ಹಾಗೆಂದು ಆಣೆ ಮಾಡಿ ಹೇಳಲಾಗದು. ಚೌಳು ನೆಲದಲ್ಲಂತೂ ಆಗದು. ನೆಲದ ಗೆರೆಯಲ್ಲಿ ತುಂಡಾಗದೆ ಉಳಿದ ಕಂಬವನ್ನು ಕಿತ್ತು ಗುಜರಿಗೆ ಹಾಕಿದರೆ ಹಣ ಬರುತ್ತದೆ. ಅಲ್ಲೇ ಮುರಿದರೆ ಬುಡ ನೆಲದೊಳಗೇ ಉಳಿದು ಮುಂದೆ ನೇಗಿಲಿಗೆ, ಟ್ರ್ಯಾಕ್ಟರಿನ ಗುಳಕ್ಕೆ ಸಿಗುತ್ತದೆ. ಒಂದೇ ಕಂಬ ಒಬ್ಬರ ಲಾಭವೂ ಆಗಬಹುದು, ಇನ್ನೊಬ್ಬರ ಪೀಡೆಯೂ ಆಗಬಹುದು.

ಅಡ್ಡಿಯಾಗಿರುವುದು ತಂತ್ರಜ್ಞಾನವಲ್ಲ, ಟೆಂಡರಿನ ಲೆಕ್ಕ. ಗುತ್ತಿಗೆದಾರನ ದೋಷ ಹೊಣೆಗಾರಿಕೆಯ ಅವಧಿ ಕೆಲವೇ ವರ್ಷ. ಕಳಪೆ ಲೇಪನ ತನ್ನ ಬಣ್ಣ ತೋರಿಸುವುದು ಅದು ಮುಗಿದ ಮೇಲೆ. ಅಷ್ಟರಲ್ಲಿ ಬಿಲ್ಲು ಪಾಸಾಗಿದೆ, ಎಂಜಿನಿಯರು ವರ್ಗವಾಗಿದ್ದಾರೆ, ಶಾಸಕರು ಬದಲಾಗಿದ್ದಾರೆ. ಕಡಿಮೆ ದರಕ್ಕೆ ಟೆಂಡರು ಹಿಡಿದವನು ಕಾಣದ ಕಡೆ ಉಳಿತಾಯ ಮಾಡುತ್ತಾನೆ. ಲೇಪನದಷ್ಟು ಕಾಣದ ಜಾಗ ಇನ್ನೊಂದಿಲ್ಲ. ಬಂದರುಗಳಲ್ಲಿ ಕಡಲು ಕಳಪೆ ಲೇಪನವನ್ನು ಬೇಗ ತಿಂದುಬಿಡುವುದರಿಂದ ಅಲ್ಲಿ ಮೋಸ ಬೇಗ ಬಯಲಾಗುತ್ತದೆ. ನಮ್ಮ ಒಣಹವೆ ಕಳಪೆ ಕೆಲಸಕ್ಕೆ ಹೆಚ್ಚಿನ ಮರೆ ಕೊಡುತ್ತದೆ. ಅದಕ್ಕೇ ಜೆಟ್ಟಿಗಿಂತ ನಮ್ಮ ಕಂಬಗಳಿಗೆ ಅಳತೆಯ ಅಗತ್ಯ ಹೆಚ್ಚು.

ಬಡ ತಾಲ್ಲೂಕುಗಳಿಗೆ ಇಂಥ ತಪಾಸಣೆ ದುಬಾರಿ ಬಾಬತ್ತು, ಮೊದಲು ನೀರು ಬರಲಿ, ಆಮೇಲೆ ತುಕ್ಕು ನೋಡೋಣ ಎಂಬ ಆಕ್ಷೇಪ ಬರುತ್ತದೆ. ಆಕ್ಷೇಪದ ಹಿಂದಿನ ನೋವು ನಿಜ, ಲೆಕ್ಕ ಮಾತ್ರ ತಪ್ಪು. ಹೂತ ಕೊಳವೆಯ ರಕ್ಷಣೆ ನಡೆಯುತ್ತಿದೆಯೇ ಎಂದು ನೋಡಲು ಬೇಕಾದದ್ದು ಒಂದು ಒಳ್ಳೆಯ ಮಲ್ಟಿಮೀಟರು, ಮೈಲುತುತ್ತದ ಗಾಢ ದ್ರಾವಣದಲ್ಲಿ ಮುಳುಗಿಸಿದ ತಾಮ್ರದ ಕಡ್ಡಿ, ಕೊಳವೆಗೆ ತಾಗುವ ಒಂದು ತಂತಿ. ದಾಳಿಂಬೆಗೆ, ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ರೈತರ ಕೊಟ್ಟಿಗೆಯಲ್ಲಿ ಮೈಲುತುತ್ತ ಇದ್ದೇ ಇರುತ್ತದೆ. ಆ ದ್ರಾವಣದ ಪಾತ್ರೆಯ ಒಸರುವ ಬುಡವನ್ನು ತೇವದ ನೆಲಕ್ಕೆ ತಾಗಿಸಿ ಓದಿದಾಗ ಮೈನಸ್ 0.85 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು ಋಣದ ಕಡೆಗೆ ಇದ್ದರೆ ಉಕ್ಕು ಕ್ಷೇಮ. ಕೂನ್ ಕಾಲದಿಂದ ಬಂದ ಅಂಕಿ ಇದು. ಸೋಲಾರ್ ಕಂಬಕ್ಕೆ ಇಷ್ಟೂ ಬೇಡ: ಬುಡದ ಮಣ್ಣನ್ನು ಒಂದಡಿ ಸರಿಸಿ, ಲೇಪನದ ದಪ್ಪ ಅಳೆಯುವ ಅಂಗೈಯಗಲದ ಯಂತ್ರವನ್ನು ತಾಗಿಸಿದರೆ ಮೈಕ್ರಾನ್ ಲೆಕ್ಕ ಪರದೆಯ ಮೇಲೆ ಬರುತ್ತದೆ.

ಮಾಡಬೇಕಾದದ್ದು ಇಷ್ಟು. ದೊಡ್ಡ ಕೊಳವೆ ಮಾರ್ಗಗಳ ಟೆಂಡರಿನಲ್ಲೇ ಅಳತೆಯ ಜಾಗಗಳನ್ನು ಗುರುತಿಸಿ, ಕಿಲೋಮೀಟರ್ ಕಲ್ಲಿನ ಹಾಗೆ ಹೊರಗೆ ಕಾಣುವಂತೆ ನಿಲ್ಲಿಸಬೇಕು. ಲೇಪನ ಮತ್ತು ತುಕ್ಕಿನ ಹೊಣೆಗಾರಿಕೆಯನ್ನು ಉಳಿದ ದೋಷಗಳಿಂದ ಬೇರ್ಪಡಿಸಿ 15 ವರ್ಷಕ್ಕೆ ಚಾಚಬೇಕು. ಅದರ ಠೇವಣಿ ಅಲ್ಲಿಯವರೆಗೆ ಸರ್ಕಾರದ ಕೈಯಲ್ಲಿರಬೇಕು. ದರ ಸ್ವಲ್ಪ ಏರುತ್ತದೆ, ಏರಲಿ. ವರ್ಷದ ಅಳತೆಗಳನ್ನು ಗ್ರಾಮ ಪಂಚಾಯಿತಿಯ ಬೋರ್ಡಿನಲ್ಲಿ ಹಾಕಬೇಕು. ಸೋಲಾರ್ ಪಾರ್ಕಿಗೆ ಭೂಮಿ ಗುತ್ತಿಗೆ ಕೊಟ್ಟ ರೈತರಂತೂ ಗುತ್ತಿಗೆಯ 28 ವರ್ಷ ಮುಗಿಯುವವರೆಗೆ ಕಾಯಬೇಕಿಲ್ಲ. ತಮ್ಮ ಸರ್ವೆ ನಂಬರಿನ ನಾಲ್ಕಾರು ಕಂಬಗಳ ಬುಡ ತೋಡಿಸಿ, ಈ ವರ್ಷದ ಮೈಕ್ರಾನ್ ಅಂಕಿಯನ್ನು ದಿನಾಂಕ ಸಮೇತ ಬರೆಸಿಕೊಂಡು, ಮೊಹರು ಹಾಕಿಸಿಕೊಂಡು ಪಹಣಿಯ ಜೊತೆ ಇಟ್ಟುಕೊಳ್ಳಲಿ. ಗುತ್ತಿಗೆಯ ಹಣ ಏರುವ ಪ್ರತಿ ಸರದಿಯಲ್ಲೂ ಅದೇ ಕಂಬಗಳನ್ನು ಮತ್ತೆ ಅಳೆಸಲಿ. ಎರಡು ಅಂಕಿಗಳ ನಡುವಿನ ವ್ಯತ್ಯಾಸ ಕೈಯಲ್ಲಿದ್ದರೆ, ಕಂಬ ಕೀಳುವ ಖರ್ಚು ಯಾರದ್ದು ಎಂಬ ಮಾತನ್ನು ಈಗಲೇ, ಕಂಪನಿಗಳಿಗೆ ಇನ್ನೂ ಆ ಭೂಮಿ ಬೇಕಾಗಿರುವಾಗಲೇ ಎತ್ತಬಹುದು.